ಬಾಚಣಿಗೆ ಕೊಳ್ಳುವವರು

ಮಾರ್ಚ್ ೧೧, ಮಂಗಳವಾರ

ಔಷಧದಂಗಡಿಯ ಘನತೆವೆತ್ತ ಮಾಲೀಕನಾದ ನಾನು ಇಂದು ಒಂದು ಸುಳ್ಳು ಹೇಳಿದ್ದೇನೆಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಬಿ.ಪಿ. ನೋಡುವ ಯಂತ್ರ ಕೆಟ್ಟಿದೆ ಎಂದು ಹಳೇ ಮೇಷ್ಟ್ರನ್ನು ಸಾಗಹಾಕಿದೆ.

"ಬೆಳಿಗ್ಗೆ ಸರಿಯಿತ್ತಲ್ಲಯ್ಯಾ!"

"ಅದಕ್ಕೂ ವಯಸ್ಸಾಯ್ತು, ಮೇಷ್ಟ್ರೇ."

ಅವರ ಹಿಂದೆ ಒಬ್ಬ ಹೆಣ್ಣುಮಗಳು ಬಾಚಣಿಗೆ, ಸೋಪು, ಹತ್ತಿ ಎಲ್ಲ ಕೊಂಡು, ಇನ್ನೂ ನಿಂತೇ ಇದ್ದಳು. ಬೇಡದ್ದನ್ನು ಕೊಳ್ಳುವವರಿಗೆ ಬೇಕಾದದ್ದು ಬೇರೆಯೇ ಇರುತ್ತದೆ. ಮಾತ್ರೆಗಿಂತ ಮಾತು ನುಂಗುವವರೇ ಹೆಚ್ಚು. ಅವರನ್ನು ಗುರುತಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

"ನಿನ್ನೆ ಕಾಂಡೋಮ್ ಹರಿದುಹೋಯ್ತು" ಎಂದಳು, ಬಾಚಣಿಗೆಗೆ ಹೇಳುವಂತೆ.

"ಈಗಲೇ ಈ ಮಾತ್ರೆ ನುಂಗಿಬಿಡಮ್ಮಾ. ಮೂರು ದಿನ ಟೈಮಿದೆ ಅಂತಾರೆ, ಆದ್ರೆ ತಡವಾದಷ್ಟೂ ಕೆಲಸ ಕಮ್ಮಿ. ಅಂಡ ಹೊರಗೆ ಬರೋದನ್ನ ಇದು ಮುಂದಕ್ಕೆ ಹಾಕುತ್ತೆ. ಎರಡು ಗಂಟೆಯೊಳಗೆ ವಾಂತಿಯಾದ್ರೆ ಇನ್ನೊಂದು ತಗೋಬೇಕು. ಮುಟ್ಟು ವಾರಕ್ಕಿಂತ ತಡವಾದ್ರೆ ಪರೀಕ್ಷೆ ಮಾಡ್ಕೋ."

"ಆಗಲೇ ಗರ್ಭ ನಿಂತಿದ್ರೆ?"

"ಅದನ್ನ ತೆಗೆಯೋ ಮಾತ್ರೆ ಅಲ್ಲ ಇದು. ಮುಂದಿನ ಸಲಕ್ಕೂ ಕಾವಲಾಗಲ್ಲ."

ನೀರು ಕೇಳಿ ಅಲ್ಲೇ ನುಂಗಿದಳು. "ಬಾಚಣಿಗೆ ವಾಪಸ್ ತಗೋತೀರಾ?" ಎಂದು ನಕ್ಕಳು.

ಬೀಗಿದ್ದು ಸಾಕು. ಮನೆಗೆ ಬರುವ ದಾರಿಯಲ್ಲಿ ಟೈಲರಮ್ಮನ ಅಂಗಡಿಯ ಮುಂದೆ ನಿಂತೆ. ಒಟ್ಟಿಗೆ ಕಾಫಿ ಕುಡಿಯೋಣವೇ ಎಂದು ಇಂದಾದರೂ ಕೇಳಬೇಕಿತ್ತು.

"ಏನು ಬೇಕಿತ್ತು, ಸಾರ್?"

"ಬಿಳಿ ಗುಂಡಿ, ಅರ್ಧ ಡಜನ್."

ಈಗ ಮನೆಯ ಗುಂಡಿ ಡಬ್ಬಿಯ ಮುಚ್ಚಳ ಕೂರುತ್ತಿಲ್ಲ. ನನ್ನ ಅಂಗಿಗಳಲ್ಲಿ ಇದುವರೆಗೆ ಒಂದು ಗುಂಡಿಯೂ ಉದುರಿಲ್ಲ.