ಹದಿನಾಲ್ಕಕ್ಕೆ ಬರಬೇಡಿ, ಅತ್ತೆ

ಬುಸೈತೀನ್, ಬಹರೈನ್
೬ ಜೂನ್ ೨೦೧೪, ಶುಕ್ರವಾರ ಬೆಳಗ್ಗೆ

ಪ್ರೀತಿಯ ಅತ್ತೆಗೆ ಅಪೇಕ್ಷಾಳ ನಮಸ್ಕಾರಗಳು.

ಯೂಟ್ರೆಕ್ಟ್‌ನಿಂದ ನೀವು ಬರೆದ ಪತ್ರ ಕೈಸೇರಿ ಹನ್ನೆರಡು ದಿನವಾಯಿತು. ತಡವಾದದ್ದಕ್ಕೆ ತನ್ವಿಯ ಮೇಲೆ ತಪ್ಪು ಹೊರಿಸಬಹುದಿತ್ತು. ಐದು ತಿಂಗಳ ಕೂಸು, ಎದುರಾಡುವುದಿಲ್ಲ. ಆದರೆ ನಿಜ ಅದಲ್ಲ. ಮೂರು ಸಲ ಬರೆದು ಮೂರು ಸಲ ಹರಿದೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲಿ ಶೈಲೇಶ್ ಇರುತ್ತಾರೆ, ನಿಮ್ಮ ಮಗನ ಕಿವಿಗೆ ಬಿದ್ದದ್ದೆಲ್ಲ ಐದು ನಿಮಿಷದಲ್ಲಿ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ಶೈಲೇಶ್ ಅವರ ಆಫೀಸಿನ ವಿಲ್ಫ್ರೆಡ್ ಭಾನುವಾರ ಆಮ್‌ಸ್ಟರ್‌ಡ್ಯಾಮಿಗೆ ಹೊರಟಿದ್ದಾರೆ. ರೈಲಿನಲ್ಲಿ ಅರ್ಧ ಗಂಟೆ ತಾನೇ, ನಾನೇ ಕೈಗೆ ಕೊಟ್ಟು ಬರುತ್ತೇನೆ ಎಂದಿದ್ದಾರೆ. ನೀವು ಟಿಕೆಟ್ ಬದಲಾಯಿಸುವ ಮೊದಲು ಇದು ನಿಮಗೆ ಸಿಗಬೇಕು.

ಆ ಮಾತನ್ನೇ ಮೊದಲು ಮುಗಿಸುತ್ತೇನೆ. ಜುಲೈ ಇಪ್ಪತ್ತರವರೆಗೆ ಅಲ್ಲಿರಬೇಕಾದವರು ಜೂನ್ ಹದಿನಾಲ್ಕಕ್ಕೇ ಬಂದುಬಿಡುತ್ತೇನೆಂದು ಬರೆದಿದ್ದೀರಿ. "ಅಲ್ಲಿ ನೀನೊಬ್ಬಳೇ ಮಗು ಹಿಡ್ಕೊಂಡು ನಿದ್ದೆಗೆಡುವಾಗ ನಾನಿಲ್ಲಿ ಸೈಕಲ್ ಬಿಟ್ಕೊಂಡು ಊರು ಸುತ್ತುದು ಸರಿಯಾ?" ಎಂದು ಕೇಳಿದ್ದೀರಿ. ಸರಿ, ಅತ್ತೆ. ನೂರಕ್ಕೆ ನೂರು ಸರಿ. ದಯವಿಟ್ಟು ಬರಬೇಡಿ.

ನಿದ್ದೆಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಮಗು ಮಲಗಿದರೂ ನಾನು ಅವಳ ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡುತ್ತಿರುತ್ತೇನೆ. ನಿಮ್ಮ ಉಸಿರನ್ನು ಹಾಗೆ ನೋಡಲಾಗದ್ದರಿಂದ ಕಂಪ್ಯೂಟರಿನಲ್ಲಿ ಯೂಟ್ರೆಕ್ಟಿನ ನಕ್ಷೆ ತೆರೆದುಕೊಂಡು ಕೂರುತ್ತೇನೆ. ಯಾವ ಕಾಲುವೆಯ ದಂಡೆಗೆ ತಡೆಕಂಬಿ ಇಲ್ಲ ಎಂಬುದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು. ಸೂಟ್‌ಕೇಸಿನಲ್ಲಿ ಹೆಲ್ಮೆಟ್ ತುರುಕಿದವಳೂ ನಾನೇ. ಇಡೀ ಊರಿನಲ್ಲಿ ಹೆಲ್ಮೆಟ್ ಹಾಕುವವರು ನೀವೊಬ್ಬರೇ, ಮಕ್ಕಳು ತಿರುಗಿ ನೋಡುತ್ತಾರೆ ಎಂದಿರಿ. ನೋಡಿಕೊಳ್ಳಲಿ ಬಿಡಿ.

ಅಲ್ಲಿಯ ಸೈಕಲ್ಲಿಗೆ ಕೈಬ್ರೇಕ್ ಇರುವುದಿಲ್ಲ, ನಿಲ್ಲಬೇಕಾದರೆ ಪೆಡಲನ್ನು ಹಿಂದಕ್ಕೆ ತುಳಿಯಬೇಕು ಎಂದು ನಮಗ್ಯಾರಿಗೆ ಗೊತ್ತಿತ್ತು? ಖಾಲಿ ಹ್ಯಾಂಡಲನ್ನೇ ಹಿಂಡುತ್ತ ಹಿಂಡುತ್ತ ನೀವು ಯಾರದೋ ಮನೆಯ ಬೇಲಿಗಿಡದೊಳಗೆ ಹೊಕ್ಕದ್ದು, ಬಯ್ಯಲು ಹೊರಗೆ ಬಂದ ಅಜ್ಜಿ ನಿಮ್ಮ ಸೀರೆಯಿಂದ ಎಲೆ ಬಿಡಿಸಿ, ಕಾಫಿ ಕುಡಿಸಿ ಕಳಿಸಿದ್ದು ಓದಿದಾಗ ಮೊದಲು ನಕ್ಷೆಯಲ್ಲಿ ಆ ಬೀದಿ ಹುಡುಕಿದೆ, ಆಮೇಲೆ ನಗು ಬಂತು. ಹೆರಿಗೆಯಾದ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಕಳೆದ ಶುಕ್ರವಾರ ಕೆಳಗಿನ ಮನೆಯ ಸತ್ಯವತಿ ಆಂಟಿ ಇನ್ನಿಬ್ಬರನ್ನು ಕಟ್ಟಿಕೊಂಡು ಮಗು ನೋಡಲು ಬಂದಿದ್ದರು. ಕೂತವರು ಚಹಾಕ್ಕೂ ಕಾಯಲಿಲ್ಲ.

"ಮೊಮ್ಮಗುವಿಗೆ ನಾಲ್ಕು ತಿಂಗಳು ತುಂಬುವ ಮೊದಲೇ ನಿನ್ನ ಅತ್ತೆ ಸೈಕಲ್ ಬಿಡ್ಲಿಕ್ಕೆ ಹೋದದ್ದಂತೆ, ಹೌದಾ?"

"ಹೌದು ಆಂಟಿ."

"ಅಲ್ಲ ಮಾರಾಯ್ತಿ, ರಿಟೈರ್ ಆದವರು ಕಾಶಿಗೆ ಹೋಗುದು ಕೇಳಿದ್ದೇನೆ. ಇದೆಂತ ಕಥೆ? ಬಿದ್ದು ಸೊಂಟ ಮುರ್ಕೊಂಡ್ರೆ ನೋಡುವವರು ಯಾರು?"

"ಬಿದ್ದೂ ಆಯ್ತು, ಎದ್ದೂ ಆಯ್ತು" ಎಂದೆ.

ನನಗೆ ಎಲ್ಲಿಂದ ಧೈರ್ಯ ಬಂತೋ, ಒಳಗಿಂದ ನಿಮ್ಮ ಪತ್ರ ತಂದು ಗಟ್ಟಿಯಾಗಿ ಓದಿದೆ. ಹಳೆಯ ಕಾಲುವೆಯ ಪಕ್ಕ ನೀರಿನ ಮಟ್ಟದಲ್ಲೇ ಇರುವ ಕಲ್ಲುದಾರಿಯಲ್ಲಿ ಎರಡು ತಾಸು ನಡೆದದ್ದು, ನೆಲಮಾಳಿಗೆಗಳ ಬಾಗಿಲು ನೀರಿಗೇ ತೆರೆಯುವುದು. ದೊಡ್ಡ ಗೋಪುರದ ನಾನೂರ ಅರವತ್ತೈದು ಮೆಟ್ಟಿಲುಗಳಲ್ಲಿ ಐದು ಕಡೆ ಕೂತು, ಆರನೆಯ ಸಲ ಕೂರದೆ ಹತ್ತಿ ನಿಂತದ್ದು. ಕೊನೆಗೆ ಸ್ಟೇಷನ್ನಿನ ಹತ್ತಿರದ ಚೌಕ. ಮೊದಲ ವಾರ ಅಲ್ಲಿ ದಿನಾ ಇಳಿದು ಸೈಕಲ್ ತಳ್ಳುತ್ತಿದ್ದವರು, ಒಂದು ಸೋಮವಾರ ಇಳಿಯದೆ, ತಿರುಗುವ ಸೂಚನೆಗೆ ಎಡಗೈ ಚಾಚಿದಿರಿ. "ಹಿಂದೆ ನೂರು ಸೈಕಲ್ ಉಂಟು, ಒಬ್ಬರಾದರೂ ಬೆಲ್ ಮಾಡ್ಲಿಲ್ಲ. ನನ್ನ ಕೈ ನೋಡಿ ಎಲ್ಲರೂ ನಿಧಾನ ಮಾಡಿದ್ರು. ಮನಾಮದ ಕ್ಲಿನಿಕ್ಕಿನ ಲ್ಯಾಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ರಕ್ತ ನೋಡಿದೆ, ನನ್ನ ಒಂದು ಕೈಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಇವತ್ತು" ಎಂಬ ಸಾಲನ್ನು ಎರಡು ಸಲ ಓದಿದೆ. ಮಾವ ಹೋದ ಮೇಲೆ ಆ ಕೆಲಸ ಬಿಡದೆ ನೀವು ಮಗನನ್ನು ಓದಿಸಿದ್ದು ಅಲ್ಲಿ ಕೂತಿದ್ದ ಮೂವರಿಗೂ ಗೊತ್ತು.

ಓದಿ ಮುಗಿಸಿ ಚಹಾ ತಂದುಕೊಟ್ಟೆ. ಆಮೇಲೆ ಸತ್ಯವತಿ ಆಂಟಿ ಬಿಸ್ಕತ್ತು ಚಹಾಕ್ಕೆ ಅದ್ದುತ್ತ ಕೇಳಿದರು:

"ನಿನ್ನ ಅತ್ತೆ ಉಷಾಲತಕ್ಕನಿಗೆ ಸೈಕಲ್ ಕಲಿಸಿದ್ದು ಟುಬ್ಲಿ ಗ್ಯಾರೇಜಿನ ಪ್ರೇಮನಾಥ ಅಲ್ವಾ? ಶುಕ್ರವಾರ ಎಷ್ಟು ಗಂಟೆಗೆ ಬರುದು ಅವ? ನನಗಲ್ಲ, ನನ್ನ ತಂಗಿ ಕೇಳ್ತಾ ಇದ್ಳು."

ಇವತ್ತು ಬೆಳಗ್ಗೆ ಆರಕ್ಕೆ ಬಾಲ್ಕನಿಯಿಂದ ನೋಡುತ್ತೇನೆ, ರಸ್ತೆ ಖಾಲಿ. ಮಸೀದಿಯ ಹಿಂದಿನ ಮೈದಾನದಲ್ಲಿ ಸತ್ಯವತಿ ಆಂಟಿ ಚೂಡಿದಾರದ ಮೇಲೆ ಶೂ ಹಾಕಿ ಸೈಕಲ್ ಏರಿದ್ದಾರೆ. ಪ್ರೇಮನಾಥಣ್ಣ ಸೀಟು ಹಿಡಿದು ಹಿಂದೆ ಓಡುತ್ತ, "ಚಕ್ರ ನೋಡ್ಬೇಡಿ, ದೂರ ತೂಲೆ ಅಕ್ಕ, ದೂರ ನೋಡಿ" ಎಂದು ನಿಮಗೆ ಹೇಳಿದ್ದನ್ನೇ ಹೇಳುತ್ತಿದ್ದಾರೆ. ತಂಗಿಯ ಪತ್ತೆಯೇ ಇರಲಿಲ್ಲ.

ನೀವು ಇನ್ನೂ ನೋಡದ ಬೀದಿಗಳಿವೆ, ನೀವು ಬರೆದ ಆ ಕಾಡಿನೊಳಗಿನ ಚಹಾದ ಮನೆಗೆ ಹೋಗುವ ದಾರಿ ಬಾಕಿ ಇದೆ. ಎಲ್ಲ ನೋಡಿ. ಹರಸಬೇಕಾದವರು ನೀವು, ಆದರೂ ಈ ಸಲ ನಾನೇ ಹರಸಿಬಿಡುತ್ತೇನೆ: ಗಾಳಿ ಬೆನ್ನಿಗಿರಲಿ, ಮೊಣಕಾಲು ಮಾತು ಕೇಳಲಿ. ಹೆಲ್ಮೆಟ್ ಮಾತ್ರ ತೆಗೆಯಬೇಡಿ.

ನಿಮ್ಮ ಸೊಸೆ,
ಅಪೇಕ್ಷಾ

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಬರೆಯುತ್ತಿರುವುದು: ಕಳೆದ ಶುಕ್ರವಾರ ಹೊರಡುವಾಗ ಸತ್ಯವತಿ ಆಂಟಿ, "ವೀಸಾ ಫಾರ್ಮ್ ತಾನೇ ತುಂಬಿ ಅತ್ತೆಯನ್ನು ಕಳಿಸಿದ ಸೊಸೆ ಎಲ್ಲಿದ್ದಾಳೆ ಹೇಳಿ" ಎಂದು ನನ್ನ ಗಲ್ಲ ಸವರಿದರು. ನೀವೂ ಹಾಗೇ ಬರೆದಿದ್ದೀರಿ. ಮೂರು ಸಲ ಹರಿದದ್ದು ಇದನ್ನೇ.

ಫೆಬ್ರವರಿಯ ಒಂದು ಸಂಜೆ ತನ್ವಿ ನನ್ನ ಕೈಯಲ್ಲಿ ಮುಕ್ಕಾಲು ಗಂಟೆ ಅತ್ತಳು. ನೀವು ಡ್ಯೂಟಿ ಮುಗಿಸಿ ಬಂದು ಹೆಗಲಿಗೆ ಹಾಕಿಕೊಂಡಿರಿ. ಎರಡು ನಿಮಿಷ, ನಿದ್ದೆ. ದಿನವೂ ಹಾಗೇ ಆಗುತ್ತಿತ್ತು. ಅಂದು ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಮರುದಿನವೇ ಫಾರ್ಮ್ ತುಂಬಿದೆ. ಸೈಕಲ್ಲಿನ ಊರು ನೋಡಬೇಕೆಂಬ ನಿಮ್ಮ ಆಸೆಗಾಗಿ ಅಲ್ಲ. ಆ ಹೆಗಲು ಈ ಮನೆಯಲ್ಲಿ ಇರಬಾರದು ಎಂದು.

ಮೊನ್ನೆ ಮಂಗಳವಾರ ಇಂಜೆಕ್ಷನ್ ಹಾಕಿಸಿಕೊಂಡು ಬಂದ ಮೇಲೆ ಅವಳು ನಲವತ್ತು ನಿಮಿಷ ಅತ್ತಳು. ಶೈಲೇಶ್ ಆಫೀಸಿನಲ್ಲಿದ್ದರು. ಹಾಲ್‌ನಲ್ಲಿ ನಡೆದೆ, ನಡೆದೆ, ನನಗೆ ಅಳು ಬರಲಿಲ್ಲ. ಅವಳು ನನ್ನ ಹೆಗಲ ಮೇಲೆ ಮಲಗಿದಳು. ಎಬ್ಬಿಸಬಾರದೆಂದು ಒಂದು ಗಂಟೆ ನಿಂತೇ ಇದ್ದೆ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು, ಅತ್ತೆ, ನೆನಪಾದದ್ದು ನೀವೊಬ್ಬರೇ.

ಜುಲೈ ಇಪ್ಪತ್ತಕ್ಕೇ ಬನ್ನಿ. ಏರ್‌ಪೋರ್ಟಿಗೆ ಅವಳನ್ನು ನಾನೇ ಎತ್ತಿಕೊಂಡು ಬರುತ್ತೇನೆ. ನೀವು ಕೇಳುವ ಮೊದಲೇ ನಿಮ್ಮ ಕೈಗೆ ಕೊಡುತ್ತೇನೆ.