ಕೆಂಪು ದಾರದ ಒಂಬತ್ತು ನಂಬರು

ಆಸ್ಪತ್ರೆಯ ಲಾಂಡ್ರಿ, ನೆಲಮಾಳಿಗೆ
ಮಾರ್ಚ್ 4, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಮ್ಮಾ,

ನಿನ್ನ ಬಾಯಿಬಡುಕಿ ಮಗಳ ನಮಸ್ಕಾರ. ಮಂಡಿನೋವು ಹೇಗಿದೆ? ಕಣ್ಣಿನ ಪೊರೆ ಇನ್ನಷ್ಟು ಬಲಿತಿದೆಯಂತೆ. ಮೊನ್ನೆ ಸಾರಿಗೆ ಉಪ್ಪಿನ ಬದಲು ಸಕ್ಕರೆ ಹಾಕಿ ಬಡಿಸಿದೆಯಂತೆ, ಅತ್ತಿಗೆ ಫೋನಿನಲ್ಲಿ ಹೇಳಿ ನಕ್ಕಳು. ನಾನೂ ನಕ್ಕೆ, ಆಮೇಲೆ ಅಳು ಬಂತು. ಈ ಸುದ್ದಿಯನ್ನೂ ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅರ್ಧಕ್ಕೇ ನೀನು ‘ಸರಿ ಸರಿ, ಇಡು’ ಅನ್ನುತ್ತೀಯ. ಕಾಗದವಾದರೆ ಪೂರ್ತಿ ಕೇಳಲೇಬೇಕು. ಅಣ್ಣಾ, ಓದುತ್ತಿರುವವನು ನೀನೇ ತಾನೆ? ಸಾಲು ನುಂಗಬೇಡ, ನಿನ್ನ ಚಾಳಿ ನನಗೆ ಗೊತ್ತು.

ಹೋದ ತಿಂಗಳು ಮೇಲೆ ಒಂದು ನೋಟಿಸು ಅಂಟಿಸಿದರು: ಸಿಬ್ಬಂದಿಯ ತಂದೆತಾಯಿಗೆ ಪೊರೆಯ ಆಪರೇಷನ್ ಉಚಿತ. ಒದ್ದೆ ಕೈಯಲ್ಲೇ ಆಫೀಸಿಗೆ ಓಡಿದೆ. ಗುಮಾಸ್ತರು ನನ್ನ ಏಪ್ರನ್ ನೋಡಿದರು, ಪಟ್ಟಿ ನೋಡಿದರು, ‘ನೀವು ಸಿಬ್ಬಂದಿ ಅಲ್ಲಮ್ಮ, ಇತರೆ’ ಅಂದರು. ಹನ್ನೊಂದು ವರ್ಷದಿಂದ ಇಲ್ಲಿ ಒಗೆಯುತ್ತಿದ್ದೇನೆ, ನಾನು ಇತರೆ! ಮೈಯೆಲ್ಲ ಉರಿದುಹೋಯಿತು. ನಮ್ಮನ್ನು ಕರೆಯುವ ಹೆಸರಿಗೇನೋ ಇಲ್ಲಿ ಬರವಿಲ್ಲ, ಕೇಳು. ನರ್ಸುಗಳಿಗೆ ನಾವು ‘ಕೆಳಗಿನವರು’, ಸ್ಟೋರಿನವರಿಗೆ ‘ಲೇಬರ್’. ಮೇಸ್ತ್ರಿಗೆ ‘ನಮ್ಮ ಹುಡುಗೀರು’. ಆ ಹುಡುಗಿಯರಲ್ಲಿ ಹಿರಿಯಳಾದ ದೊಡ್ಡಕ್ಕನಿಗೆ ಮೂವರು ಮೊಮ್ಮಕ್ಕಳು. ವರ್ಷಕ್ಕೊಮ್ಮೆ ಭಾಷಣದಲ್ಲಿ ಮಾತ್ರ ‘ನಮ್ಮ ಕುಟುಂಬ’ ಆಗುತ್ತೇವೆ, ಊಟಕ್ಕೆ ಕೂರಿಸುವಾಗ ಮತ್ತೆ ‘ಅವರು’.

ನಮ್ಮಲ್ಲಿ ಕೊಳೆ ಬಟ್ಟೆಗೆ ನಾಲ್ಕು ಗಾಡಿಗಳಿವೆ. ವೈದ್ಯರು, ನರ್ಸುಗಳು, ಸಿಬ್ಬಂದಿ, ಇತರೆ ಎಂದು ಬಣ್ಣದಲ್ಲಿ ಬರೆದಿದ್ದಾರೆ. ಮೊದಲ ಮೂರು ಗಾಡಿಯ ಬಟ್ಟೆಗೆ ಕುತ್ತಿಗೆಯ ಹತ್ತಿರ ಕೆಂಪು ದಾರದ ನಂಬರು ಇರುತ್ತದೆ; ಅದನ್ನು ನೋಡಿಕೊಂಡು ಇಸ್ತ್ರಿಯಾದದ್ದನ್ನು ಅವರವರ ಕೋಣೆಗೆ ತಲುಪಿಸುತ್ತಾರೆ. ಇತರೆ ಗಾಡಿಯಲ್ಲಿ ಪರದೆ, ನೆಲ ಒರೆಸುವ ಬಟ್ಟೆ, ಜೊತೆಗೆ ನಮ್ಮ ಒಂಬತ್ತು ಜನರ ಏಪ್ರನ್. ಆ ನಂಬರು ಹೊಲಿಯುವವಳು ನಾನೇ, ನೀನು ಕಲಿಸಿಕೊಟ್ಟ ಸಣ್ಣ ಹೊಲಿಗೆಯಲ್ಲಿ. ಸಿಬ್ಬಂದಿಯ ಕೊನೆಯ ನಂಬರು ಇನ್ನೂರ ಹದಿನಾಲ್ಕು. ಎರಡು ದಿನ ಊಟದ ಬಿಡುವಿನಲ್ಲಿ ಕೂತು ಇನ್ನೂರ ಹದಿನೈದರಿಂದ ನಮ್ಮ ಏಪ್ರನ್‌ಗಳಿಗೂ ಹೊಲಿದು, ಸಿಬ್ಬಂದಿ ಗಾಡಿಗೆ ಹಾಕಿಬಿಟ್ಟೆ. ಕೆಲಸ ಹೋಗುತ್ತದೆ ಕಣೇ ಎಂದು ದೊಡ್ಡಕ್ಕ ಬೈದಳು, ಬೈಯುತ್ತಲೇ ಸೂಜಿಗೆ ದಾರ ಪೋಣಿಸಿಕೊಟ್ಟಳು.

ಒಂದು ವಿಷಯ ನನ್ನ ಮಂಡೆಗೆ ಹೊಳೆದೇ ಇರಲಿಲ್ಲ. ನಂಬರಿದ್ದರೆ ಕೋಣೆಯೂ ಇರಬೇಕು, ನಮಗೆ ಕೋಣೆ ಎಲ್ಲಿದೆ? ಬಟ್ಟೆ ಹಂಚುವವನು ಹುಡುಕಿ ಸಾಕಾಗಿ ಒಂಬತ್ತನ್ನೂ ಮೊದಲನೇ ಕೋಣೆಯಲ್ಲಿ ಇಟ್ಟು ಬಂದ. ಅದು ಕಣ್ಣಿನ ದೊಡ್ಡ ಡಾಕ್ಟರಮ್ಮನ ಕೋಣೆ! ನಿನ್ನೆ ಬೆಳಿಗ್ಗೆ ಅವರು ಏಪ್ರನ್‌ಗಳನ್ನು ತಾವೇ ಹೊತ್ತುಕೊಂಡು ನೆಲಮಾಳಿಗೆಗೆ ಇಳಿದು ಬಂದರು. ಹಿಂದೆ ಗುಮಾಸ್ತರು. ‘ಯಾರು ಹೊಲಿದಿದ್ದು?’ ಅಂದರು. ‘ನಾನು’ ಅಂದೆ. ‘ಯಾಕೆ?’ ಅಂದರು. ಅಷ್ಟೇ ಸಾಕಾಯಿತು, ನೋಟಿಸು, ಇತರೆ, ನಿನ್ನ ಕಣ್ಣು, ಸಕ್ಕರೆ ಹಾಕಿದ ಸಾರು, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟೆ. ಅವರು ಆ ಹೊಲಿಗೆಯ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ಗುಮಾಸ್ತರ ಕಡೆ ತಿರುಗಿ, ‘ಇವ್ರು ಒಂದಿನ ಬಟ್ಟೆ ಒಗೀದಿದ್ರೆ ನಾನು ಆಪರೇಷನ್ ಮಾಡೋಕಾಗುತ್ತೇನ್ರೀ? ಪಟ್ಟಿಗೆ ಸೇರಿಸಿ, ಇಲ್ಲೇ, ಈಗ್ಲೇ’ ಅಂದರು. ಗುಮಾಸ್ತರು ಇಸ್ತ್ರಿ ಮೇಜಿನ ಮೇಲೆಯೇ ಬರೆದರು, ಅಮ್ಮಾ! ಒಂಬತ್ತು ಹೆಸರು, ಇನ್ನೂರ ಹದಿನೈದರಿಂದ ಇನ್ನೂರ ಇಪ್ಪತ್ತಮೂರರವರೆಗೆ. ಮೇಸ್ತ್ರಿ ಮಾತ್ರ ಇವತ್ತೂ ‘ನಮ್ಮ ಹುಡುಗೀರು’ ಅಂದ. ತಿದ್ದೋಣ ಅಂದರೆ ದೊಡ್ಡಕ್ಕ ಬಿಡಲಿಲ್ಲ, ‘ಅದೊಂದು ಇರ್ಲಿ ಬಿಡು’ ಅಂತಾಳೆ.

ಗಂಟೆ ಹೊಡೆಯಿತು, ಮೆಷಿನ್ ಖಾಲಿ ಮಾಡಬೇಕು. ಅಣ್ಣ ಅತ್ತಿಗೆಗೆ ನನ್ನ ನೆನಪು, ಮಕ್ಕಳಿಗೆ ಮುತ್ತು, ನಿನ್ನ ಪಾದಕ್ಕೆ ನನ್ನ ತಲೆ.

ನಿನ್ನ ಕಿರಿಮಗಳು,
ನಂಬರು ಇನ್ನೂರ ಹದಿನಾರು

ಮರೆತೆ, ಮರೆತೆ! ನಿನ್ನ ಹೆಸರು ಬರೆಸಿಯೂ ಆಯಿತು. ಹದಿನೆಂಟನೇ ತಾರೀಕು, ಬೆಳಿಗ್ಗೆ ಒಂಬತ್ತಕ್ಕೆ. ಡಾಕ್ಟರಮ್ಮನೇ ಮಾಡುತ್ತಾರೆ. ಈ ವಯಸ್ಸಿಗೆ ಯಾಕೆ, ಹೆದರಿಕೆ, ಮಂಡಿನೋವು ಅಂತೆಲ್ಲ ರಾಗ ಎಳೆಯಬೇಡ, ಬಾ. ಅವತ್ತು ನಿನಗೆ ಹೊದೆಸುವ ಹಸಿರು ಬಟ್ಟೆ ಒಗೆಯುವವಳು ನಾನೇ. ಮತ್ತೆ, ಈ ಕಾಗದವನ್ನೂ ತಗೊಂಡು ಬಾ. ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ನೀನೇ ಓದು, ಅಣ್ಣ ಎಷ್ಟು ಸಾಲು ನುಂಗಿದ್ದಾನೆ ನೋಡೋಣ.