ಬಳಸುದಾರಿ

ಅಮ್ಮಾ,

ರಸ್ತೆ ರಿಪೇರಿಗೆಂದು ಇನ್ನು ಕಾರು ಓಡಿದ ಕಿಲೋಮೀಟರಿಗಿಷ್ಟು ಎಂದು ಸುಂಕ ಕಟ್ಟಬೇಕಲ್ಲ, ನಿನ್ನ ಅಪ್ಪಣೆಯಂತೆ ನಾನೂ ಅಕ್ಕನೂ ಒಂದೇ ಕಾರಿನಲ್ಲಿ ಆಸ್ಪತ್ರೆಗೆ ಡ್ಯೂಟಿಗೆ ಹೋಗುತ್ತಿದ್ದೇವೆ. ವರ್ಷದಿಂದ ಠೂ ಬಿಟ್ಟವರು ನಾವು. ಮೊದಲ ವಾರ ಕಾರಿನಲ್ಲಿ ಇಂಡಿಕೇಟರ್ ಒಂದೇ ಮಾತಾಡಿತು. ಆಮೇಲೊಂದು ದಿನ ಕಾರು ಗುಂಡಿಗೆ ಬಿದ್ದು ನನ್ನ ಚಹಾ ಅವಳ ಬಿಳಿ ಕೋಟಿನ ಮೇಲೆ ಚೆಲ್ಲಿತು.

"ಥೂ ಕೋತಿ, ಈಗ್ಲೂ ನೆಟ್ಟಗೆ ಹಿಡ್ಕೊಳ್ಳೋಕೆ ಬರಲ್ವಾ ನಿಂಗೆ?" ಅಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನಿನ್ನೆ ನಮ್ಮ ಬೀದಿಯ ತಿರುವು ಬಂದರೂ ಅವಳು ತಿರುಗಿಸದೆ ಕೆರೆಯನ್ನೆಲ್ಲ ಸುತ್ತಿಕೊಂಡು ಬಂದಳು. ನಾನೂ ಏನೂ ಕಾಣದವಳಂತೆ ಮಾತು ಮುಂದುವರಿಸಿದೆ.

ಕಾರು ನಿನ್ನ ಹೆಸರಿನಲ್ಲಿದೆ, ಬಿಲ್ಲು ನಿನಗೇ ಬರುತ್ತದೆ. ಈ ಸಲ ಜಾಸ್ತಿ ಬಂದರೆ ಯಾಕೆಂದು ಕೇಳಬೇಡ. ಅಕ್ಕನನ್ನಂತೂ ಕೇಳಲೇಬೇಡ.

ನಿನ್ನ ಕೋತಿ